ಕಪಾಟಿನಲ್ಲೇ ಉಳಿದ ಗಾಜಿನ ಪ್ರನಾಳ

ಮಾನ್ಯ ಆರೋಗ್ಯಾಧಿಕಾರಿಗಳೇ,

ಹೋದ ಫೆಬ್ರುವರಿಯಲ್ಲಿ ನಿಮ್ಮ ಕೈಕೆಳಗಿನ ಒಂದು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಮದ್ದಿತ್ತು. ಮದ್ದಿಡಲು ಫ್ರಿಜ್ಜಿತ್ತು, ಫ್ರಿಜ್ಜಿಗೆ ಕರೆಂಟೂ ಇತ್ತು. ವೈದ್ಯರು ಕುರ್ಚಿಯಲ್ಲೇ ಇದ್ದರು. ಇಲ್ಲದ್ದು ಒಂದು ಗಾಜಿನ ಪ್ರನಾಳ, ಕಿರುಬೆರಳಿನಷ್ಟು ಉದ್ದದ್ದು. ಅದಿಲ್ಲದ್ದಕ್ಕೆ ನಮ್ಮ ಶಾಲೆಯ ಬಿಸಿಯೂಟದ ಲಗಮವ್ವ ಈಗ ವಾರಕ್ಕೆರಡು ಸಲ ಬೆಳಗಾವಿಗೆ ಹೋಗಿ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರುತ್ತಾಳೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅದು ನಿಮಗೆ ಗೊತ್ತಿದೆ, ಗೊತ್ತಿಲ್ಲದಿದ್ದರೆ ಅದೇ ಇನ್ನೊಂದು ದೂರು.

ನಾನು ಯರಗಟ್ಟಿ ರಸ್ತೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆ ದಿನ ಅಡುಗೆಮನೆಯ ಸಿಲಿಂಡರ್ ಮುಗಿದಿತ್ತು. ಹಿತ್ತಲಲ್ಲಿ ಒಟ್ಟಿದ್ದ ಹತ್ತಿಕಟ್ಟಿಗೆ ಹಿರಿಯಲು ಲಗಮವ್ವ ಕೈಹಾಕಿದಾಗ ಕೊಳಕುಮಂಡಲ ಹೆಬ್ಬೆರಳಿನ ಬುಡಕ್ಕೆ ಕಚ್ಚಿತು. ಕೂಗು ಕೇಳಿ ಪಕ್ಕದ ಹೊಲದ ಸೋಮಪ್ಪಜ್ಜ ಓಡಿ ಬಂದ, ಬರುವಾಗಲೇ ಒಂದು ಹಿಡಿ ಬೇವಿನ ತೊಪ್ಪಲು ಹರಿದು ತಂದಿದ್ದ. ಕಹಿ ಗೊತ್ತಾದರೆ ವಿಷ ಏರಿಲ್ಲ, ಸಪ್ಪಗೆನಿಸಿದರೆ ಏರಿದೆ ಎಂಬುದು ನಮ್ಮ ಕಡೆಯ ಪರೀಕ್ಷೆ.

"ಅಗದ ನೋಡವಾ. ಕಹಿ ಹತ್ತತೈತೇನು?"

"ಹತ್ತತೈತೋ ಯಪ್ಪಾ, ಬಾಯೆಲ್ಲಾ ಕಹಿ ಆತು. ನಾ ದಿನಾ ಇನ್ನೂರು ಹುಡುಗರ ಸಾರಿಗೆ ಉಪ್ಪ ಖಾರ ನೋಡಾಕಿ. ನನ್ನ ನಾಲಿಗಿ ಸುಳ್ಳ ಹೇಳಂಗಿಲ್ಲ."

"ಮತ್ತೇನ! ಇಸಾ ಏರಿಲ್ಲ ತಗೋ."

ಲಗಮವ್ವನ ನಾಲಿಗೆಯನ್ನು ಇಡೀ ಶಾಲೆ ನಂಬುತ್ತಿತ್ತು. ಸೋಮಪ್ಪಜ್ಜನನ್ನು ನಾನು ಬಯ್ಯಲಾರೆ, ಆತ ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಬಿ.ಎಸ್‌ಸಿ. ಓದಿ, ರಕ್ತ ಹೇಗೆ ಹೆಪ್ಪುಗಟ್ಟುತ್ತದೆಂದು ವರ್ಷಕ್ಕೊಮ್ಮೆ ಪಾಠ ಮಾಡುವ ನಾನು? ನಾನೂ ಉಸ್ಸೆಂದು ಉಸಿರು ಬಿಟ್ಟೆ. ಆಕೆಯನ್ನು ನೆರಳಿಗೆ ಕೂರಿಸಿ, ನೀರು ಕುಡಿಸಿ, ಮಕ್ಕಳ ಊಟ ಮುಗಿಸಿದ ಮೇಲೆ ನನ್ನ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ. ಅಷ್ಟರಲ್ಲಿ ಎರಡು ತಾಸು ಹೋಗಿದ್ದವು.

ಕೊಳಕುಮಂಡಲದ ವಿಷಕ್ಕೂ ನಾಲಿಗೆಗೂ ಸಂಬಂಧವಿಲ್ಲ. ಅದು ರಕ್ತ ಹೆಪ್ಪುಗಟ್ಟಲು ಬೇಕಾದ ಸರಕನ್ನೆಲ್ಲ ಒಳಗೊಳಗೇ ತೀರಿಸಿಬಿಡುತ್ತದೆ. ಇದನ್ನು ತಿಳಿಯಲು ದೊಡ್ಡ ಯಂತ್ರ ಬೇಡ. ಹೊಸ, ಒಣ ಗಾಜಿನ ಪ್ರನಾಳದಲ್ಲಿ ಸ್ವಲ್ಪ ರಕ್ತ ಹಾಕಿ ಇಪ್ಪತ್ತು ನಿಮಿಷ ಮುಟ್ಟದೆ ಇಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡಿದರೆ ಸಾಕು. ಹೆಪ್ಪಾಗದೆ ಹರಿದರೆ ಮದ್ದು ಕೊಡಬೇಕು. ಹೆಪ್ಪಾದರೂ ಮನೆಗೆ ಕಳಿಸದೆ ಮತ್ತೆ ಮತ್ತೆ ನೋಡಬೇಕು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಿಮ್ಮ ಲ್ಯಾಬಿನವರಿಗೆ ಮೊದಲೇ ತಿಳಿದಿತ್ತು.

"ಗಾಜಿನವು ಬಂದಿಲ್ಲರೀ ಅಕ್ಕಾರ. ಪ್ಲಾಸ್ಟಿಕ್ಕಿನವು ಅದಾವು, ಅದರಾಗ ಮಾಡಿದ್ರ ನಂಬಾಕ ಬರಂಗಿಲ್ಲ."

"ಯಾವಾಗ ಬರತಾವ್ರಿ?"

"ಮ್ಯಾಲ ಬರದ ಕಳಿಸೇವ್ರಿ."

ಆ 'ಮ್ಯಾಲ' ಎಂದರೆ ತಾವೇ ಅಲ್ಲವೇ? ವೈದ್ಯರು ಬೇವಿನ ಕಥೆ ಕೇಳಿ ನಕ್ಕರು. ಆಮೇಲೆ ಆಕೆಯ ಕೈ ತಿರುಗಿಸಿ ನೋಡಿ, "ಬಾವು ಭಾಳ ಇಲ್ಲ, ಬರೇ ಹಲ್ಲು ತಾಗಿರಬೇಕು" ಎಂದು ಧನುರ್ವಾಯುವಿನ ಒಂದು ಸೂಜಿ ಚುಚ್ಚಿ ಮನೆಗೆ ಕಳಿಸಿದರು. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ನಿಮ್ಮ ಇಲಾಖೆಯ ಭಿತ್ತಿಪತ್ರವಿತ್ತು: ಹಾವು ಕಚ್ಚಿದರೆ ಮೂಢನಂಬಿಕೆ ಬೇಡ. ಮಾನ್ಯರೇ, ಸೋಮಪ್ಪಜ್ಜ ಎಲೆಯನ್ನಾದರೂ ಅಗಿಸಿ ನೋಡಿದ್ದ. ನಿಮ್ಮ ಆಸ್ಪತ್ರೆ ಏನನ್ನು ಪರೀಕ್ಷಿಸಿ ನೋಡಿತು?

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪತ್ರ ಬರೆಯುವುದು ಸುಲಭವಿತ್ತು. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ನಾಳೆ ಯಾರಾದರೂ ಅನ್ನುವ ಮೊದಲು ನಾನೇ ಹೇಳಿಬಿಡುತ್ತೇನೆ. ಆಸ್ಪತ್ರೆಯಿಂದ ನಮ್ಮ ಶಾಲೆಗೆ ಹತ್ತೇ ನಿಮಿಷದ ದಾರಿ. ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ನಲವತ್ತೆಂಟು ಗಾಜಿನ ಪ್ರನಾಳಗಳಿದ್ದವು, ಸುತ್ತಿದ ಕಾಗದ ಕೂಡ ಬಿಚ್ಚದವು. ಮಕ್ಕಳು ಒಡೆದಾರೆಂದು ಮೂರು ವರ್ಷದಿಂದ ನಾನು ಪ್ರನಾಳದ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ಪ್ರಯೋಗ ಮುಗಿಸುತ್ತಿದ್ದೇನೆ. ಕಪಾಟಿನ ಕೀಲಿಕೈ ಆಗ ನನ್ನ ಪರ್ಸಿನಲ್ಲೇ ಇತ್ತು. ಆ ಹೊತ್ತಿಗೆ ಅದು ಹೊಳೆಯಲಿಲ್ಲ ಎಂದು ಹೇಳಬಹುದು, ಯಾರೂ ಅನುಮಾನಿಸುವುದಿಲ್ಲ. ಆದರೆ ಹೊಳೆದಿತ್ತು. ಮರುವಾರ ಶಾಲೆಯ ತಪಾಸಣೆ ಇದೆ, ಒಂದು ಕಡಿಮೆಯಾದರೆ ಹೆಡ್‌ಮಾಸ್ತರರಿಗೆ ನಾನು ಉತ್ತರ ಕೊಡಬೇಕು ಎಂಬುದೂ ಅದರ ಜೊತೆಗೇ ಹೊಳೆಯಿತು. ಡಾಕ್ಟರರೇ ಹೋಗಿ ಅಂದರಲ್ಲ ಎಂದುಕೊಂಡು ಪರ್ಸಿನ ಜಿಪ್ಪು ಎಳೆದು ಮುಚ್ಚಿದೆ.

ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಲಗಮವ್ವನ ವಸಡಿನಿಂದ ಇಳಿದ ರಕ್ತ ನಿಲ್ಲಲೇ ಇಲ್ಲ. ಮೂತ್ರ ಕೆಂಪಾಗಿತ್ತು. ನನ್ನ ತಮ್ಮ ಸಾಜಿದನ ಗಾಡಿಯಲ್ಲಿ ಬೆಳಗಾವಿಗೆ ಒಯ್ದೆವು. ಅಲ್ಲಿ ರೇಣು ಎಂಬ ನರ್ಸು ಗಾಜಿನ ಪ್ರನಾಳದಲ್ಲಿ ರಕ್ತ ಹಾಕಿ ಮೇಜಿನ ಮೇಲೆ ನಿಲ್ಲಿಸಿ, "ಯಾರೂ ಮುಟ್ಟಬ್ಯಾಡ್ರಿ" ಎಂದಳು. ಇಪ್ಪತ್ತು ನಿಮಿಷ ನಾನು ಆ ಗಾಜನ್ನೇ ನೋಡುತ್ತ ಕುಳಿತೆ. ನಮ್ಮ ಕಪಾಟಿನಲ್ಲಿದ್ದಂಥದ್ದೇ ಗಾಜು. ರೇಣು ವಾಲಿಸಿದಾಗ ರಕ್ತ ನೀರಿನ ಹಾಗೆ ಹರಿಯಿತು. ಕೂಡಲೇ ಮದ್ದು ಏರಿಸಿದರು. ಮರುದಿನದ ಹೊತ್ತಿಗೆ ರಕ್ತ ಹೆಪ್ಪುಗಟ್ಟತೊಡಗಿತು, ಆದರೆ ಅಷ್ಟರಲ್ಲಿ ಮೂತ್ರಪಿಂಡಗಳು ಕೆಟ್ಟಿದ್ದವು. ಬೇಗ ಮದ್ದು ಸಿಕ್ಕಿದ್ದರೆ ಉಳಿಯುತ್ತಿದ್ದವೇನೋ ಎಂದರು ಅಲ್ಲಿಯ ವೈದ್ಯರು. ಆ 'ಏನೋ' ನನ್ನನ್ನು ಈಗಲೂ ಮಲಗಗೊಡುವುದಿಲ್ಲ.

ನಾನು ನಿಮ್ಮ ಕಚೇರಿಗೆ ಎರಡು ಅರ್ಜಿ ಕೊಟ್ಟೆ. ಸರಬರಾಜು ಪ್ರಕ್ರಿಯೆಯಲ್ಲಿದೆ ಎಂದು ಒಂದಕ್ಕೆ ಉತ್ತರ ಬಂತು. ಹಾವುಗಳಿಗೂ ಈ ಸುತ್ತೋಲೆ ಕಳಿಸಿದ್ದೀರಾ, ಸಾಮಗ್ರಿ ಬರುವತನಕ ಕಚ್ಚಬಾರದೆಂದು? ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ನಾನೂ ಮೊನ್ನೆ ಹನ್ನೆರಡು ಪ್ರನಾಳಗಳನ್ನು ಆ ಲ್ಯಾಬಿಗೆ ಕೊಟ್ಟು ಬಂದೆ. ಹೆಡ್‌ಮಾಸ್ತರರು ಒಂದು ಮಾತೂ ಕೇಳಲಿಲ್ಲ. ಇಷ್ಟಕ್ಕೆ ನಾನು ಹೆದರಿದ್ದೆನೇ?

ನಾನು ಕೇಳುವುದು ಇಷ್ಟು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆಯ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ ಗಾಜಿನ ಪ್ರನಾಳಗಳು ಕೀಲಿ ಹಾಕದ ಜಾಗದಲ್ಲಿರಲಿ. ಹಾವು ಕಚ್ಚಿ ಬಂದವರನ್ನು ಈ ಪರೀಕ್ಷೆ ಮಾಡದೆ, ಒಂದು ದಿನ ಇಟ್ಟುಕೊಂಡು ನೋಡದೆ ಯಾರೂ ಮನೆಗೆ ಕಳಿಸಬಾರದು ಎಂದು ನಿಮ್ಮ ಸಹಿಯ ಆದೇಶ ಹೊರಡಲಿ.

ಇನ್ನೊಂದು ಮಾತಿದೆ. ಲಗಮವ್ವ ಸಿಕ್ಕವರಿಗೆಲ್ಲ ಹೇಳುತ್ತಾಳೆ: "ಖತಿಜಾ ಅಕ್ಕಾರ ಇದ್ದದ್ದಕ್ಕ ನಾ ಉಳದೇನಿ. ಅವರ ಹೊಟ್ಟಿ ತಣ್ಣಗಿರಲಿ." ಆಕೆಗೆ ಓದಲು ಬರುವುದಿಲ್ಲ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ದಿನ ನಾನೇ ಆಕೆಯ ಮನೆಗೆ ಹೋಗಿ ಕಪಾಟಿನ ಸಂಗತಿ ಸಹಿತ ಒಂದಕ್ಷರ ಬಿಡದೆ ಓದಿ ಹೇಳುವವಳಿದ್ದೇನೆ. ಮಾನ್ಯರೇ, ತಾವೂ ಬನ್ನಿ. ಆಕೆ ನಮ್ಮಿಬ್ಬರಿಗೂ ಚಾಪೆ ಹಾಸುತ್ತಾಳೆ, ಚಹಾ ಕುಡಿಯಿರಿ ಎನ್ನುತ್ತಾಳೆ. ಓದಿ ಮುಗಿಸಿದ ಮೇಲೆ ಆಕೆಯ ಮುಖವನ್ನು ನಾನೊಬ್ಬಳೇ ನೋಡಲಾರೆ.

ಇಂತಿ,
ಕೀಲಿಕೈ ಕೈಯಲ್ಲಿದ್ದೂ ಸುಮ್ಮನಿದ್ದ
ಖತಿಜಾಬಿ
ವಿಜ್ಞಾನ ಶಿಕ್ಷಕಿ, ಸವದತ್ತಿ ಸೀಮೆ