ದ್ರಾಕ್ಷಿ ತೋಟದಲ್ಲಿ ತೂಗುವ ನಮ್ಮ ಉತಾರಗಳು

ಮಾನ್ಯ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಗಳೇ,

ಮೂರು ವರ್ಷದ ಹಿಂದೆ ತೀರಿಕೊಂಡ ನಮ್ಮೂರ ರೇವಪ್ಪನವರನ್ನು ಸರ್ಕಾರದ ಕಂಪ್ಯೂಟರು ಕಳೆದ ತಿಂಗಳು ಬದುಕಿಸಿದೆ. ಇದರಿಂದ ಅವರ ಹೆಂಡತಿ ಸಿದ್ದಲಿಂಗವ್ವನವರ ಹೊಲ ಕೈತಪ್ಪಿ ಹೋಗುವುದರಲ್ಲಿದೆ. ಸರ್ಕಾರಿ ಕಂಪ್ಯೂಟರುಗಳ ರಕ್ಷಣೆಗೆಂದು ತಾವು ಬೆಂಗಳೂರಿನಲ್ಲಿ ಸೈಬರ್ ಸುರಕ್ಷತಾ ಯೋಜನೆಯೊಂದನ್ನು ಯುಗಾದಿಯ ನಂತರ ಆರಂಭಿಸಲಿದ್ದೀರೆಂದು ಪತ್ರಿಕೆಯಲ್ಲಿ ಓದಿದೆ. ಯಾವ ದಾಳಿ ನಡೆದರೂ ಕಚೇರಿಗಳು ಬೇಗನೆ ಚೇತರಿಸಿಕೊಳ್ಳುತ್ತವಂತೆ. ನಮ್ಮ ಕಡೆ ಚೇತರಿಕೆ ಹೇಗಿರುತ್ತದೆಂದು ತಮಗೆ ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಇದು ನಡೆದ ತಾಲ್ಲೂಕು ಕಚೇರಿ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಉಳಿದ ಮೂರೂ ನೆಮ್ಮದಿಯಿಂದ ನಿದ್ದೆ ಮಾಡಿಯಾವು. ದಾಳಿ ಮಾಡಿದವರು ಪರದೇಶದವರಲ್ಲ. ಕಚೇರಿಯ ಒಬ್ಬ ಸಿಬ್ಬಂದಿಯ ಮಗಳ ಮದುವೆಯಿತ್ತು. ಲಗ್ನಪತ್ರಿಕೆಯ ಫ್ಲಾಪಿಯನ್ನು ತಂದು ಸರ್ಕಾರದ ಕಂಪ್ಯೂಟರಿಗೇ ಹಾಕಿ ಪ್ರಿಂಟ್ ತೆಗೆದರು. ಪತ್ರಿಕೆಯ ಜೊತೆ ವೈರಸ್ಸೂ ಬಂದಿತು. ಮದುವೆ ಚೆನ್ನಾಗಿ ಆಯಿತು, ನಾನೂ ಉಂಡು ಬಂದೆ. ಉತಾರಗಳು, ಅಂದರೆ ಯಾವ ಹೊಲ ಯಾರದೆಂದು ಹೇಳುವ ದಾಖಲೆಗಳು, ಅಷ್ಟೂ ಅಳಿಸಿಹೋದವು.

ಗಾಬರಿಗೆ ಕಾರಣವಿರಲಿಲ್ಲ. ಪ್ರತಿ ತಿಂಗಳೂ ದಾಖಲೆಗಳನ್ನು ಸಿ.ಡಿ.ಗೆ ಇಳಿಸಿ ಕಪಾಟಿನಲ್ಲಿಡಬೇಕೆಂಬ ಆದೇಶವಿದೆ, ಇಟ್ಟಿದ್ದರು ಕೂಡ. ಆದರೆ ವರ್ಷಕ್ಕೊಮ್ಮೆ ಖಂಡೇನವಮಿಯೂ ಬರುತ್ತದಲ್ಲ. ಆಗ ಕಚೇರಿಯನ್ನು ಗುಡಿಸಿ ತೊಳೆದು, ಹಳೆಯದನ್ನೆಲ್ಲ ಹೊರಗೆ ಹಾಕಿ, ಕಂಪ್ಯೂಟರಿಗೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕುತ್ತಾರೆ. ಸಿ.ಡಿ.ಗಳನ್ನು ಏನು ಮಾಡಲೆಂದು ಜವಾನ ಮಲ್ಲಣ್ಣ ಕೇಳಿದ್ದಕ್ಕೆ "ಹೋದ ತಿಂಗಳಿನವು, ಹಳೇವು" ಎಂದು ಉತ್ತರ ಬಂತು. ಅವನ ಮಾವನಿಗೆ ಚಡಚಣದಲ್ಲಿ ದ್ರಾಕ್ಷಿ ತೋಟವಿದೆ. ಸಿ.ಡಿ.ಗಳನ್ನು ದಾರಕ್ಕೆ ಕಟ್ಟಿ ತೂಗಬಿಟ್ಟರೆ ಅವುಗಳ ಹೊಳಪಿಗೆ ಹೆದರಿ ಹಕ್ಕಿಗಳು ಹಣ್ಣಿಗೆ ಬರುವುದಿಲ್ಲ. ಹೊಸ ಸಿ.ಡಿ. ಖರೀದಿಗೆ ಮಂಜೂರಾತಿ ಬಾರದ ಕಾರಣ ದಸರೆಯ ನಂತರ ಇನ್ನೊಂದು ಪ್ರತಿಯೂ ಆಗಲಿಲ್ಲ.

"ಅಲ್ಲೋ ಮಲ್ಲಣ್ಣ, ಅವು ಸರಕಾರದ ದಾಖಲಾ ಅಂತ ತಿಳೀಲಿಲ್ಲೇನು?" ಎಂದೆ.

"ಒಂದರ ಮ್ಯಾಲರೆ ಸರಕಾರದ ಸಿಕ್ಕಾ ಇತ್ತೇನ್ರಿ ಮಾಸ್ತರ್ರ? ಇದ್ರ ನಾ ಯಾಕ ಮುಟ್ಟತಿದ್ದೆ?" ಎಂದ. ಹೊರಟವನು ತಿರುಗಿ, "ಹಕ್ಕಿ ಮಾತ್ರ ಈ ವರ್ಷ ಒಂದೂ ಬಂದಿಲ್ಲ ನೋಡ್ರಿ" ಎಂದ.

ಭದ್ರತಾ ವ್ಯವಸ್ಥೆ ಒಂದು ಕಡೆಯಾದರೂ ಯಶಸ್ವಿಯಾಗಿರುವುದನ್ನು ತಮ್ಮ ವರದಿಯಲ್ಲಿ ಸೇರಿಸಬಹುದು. ಜೀಪು ಚಡಚಣಕ್ಕೆ ಹೋಗಿ ಬಂತು. ಬಿಸಿಲಿಗೂ ಔಷಧದ ಸಿಂಪಡಣೆಗೂ ಸಿಕ್ಕಿದ್ದ ಸಿ.ಡಿ.ಗಳು ಏನನ್ನೂ ಹೇಳಲಿಲ್ಲ. ಆಮೇಲೆ ಕಚೇರಿ, ನಾಲ್ಕು ವರ್ಷದ ಹಿಂದೆ ಕಂಪ್ಯೂಟರು ಬಂದಾಗ ಮುಚ್ಚಿಟ್ಟ ಕೈಬರಹದ ಪುಸ್ತಕಗಳನ್ನು ತೆಗೆದು, ಅವುಗಳಲ್ಲಿದ್ದಂತೆ ಎಲ್ಲವನ್ನೂ ಮತ್ತೆ ತುಂಬಿಸಿತು. ಆ ಪುಸ್ತಕಗಳಲ್ಲಿ ರೇವಪ್ಪನವರು ಆರೋಗ್ಯವಾಗಿಯೇ ಇದ್ದಾರೆ. ಅವರ ನಂತರ ದಾಖಲಾದ ಸಿದ್ದಲಿಂಗವ್ವನವರ ಹೆಸರು ಎಲ್ಲಿಯೂ ಇಲ್ಲ.

ಇದನ್ನು ಮೊದಲು ಗಮನಿಸಿದವರು ರೇವಪ್ಪನವರ ತಮ್ಮ ಗುರಲಿಂಗಪ್ಪ. ಅಣ್ಣ ತನ್ನ ಪಾಲನ್ನು ಸ್ವಖುಷಿಯಿಂದ ತನಗೆ ಬಿಟ್ಟುಕೊಟ್ಟಿದ್ದಾನೆಂದು ಅರ್ಜಿ ಹಾಕಿದರು. ಕಚೇರಿ ನಿಯಮದ ಪ್ರಕಾರ ರೇವಪ್ಪನವರಿಗೆ ನೋಟೀಸು ಕಳಿಸಿತು: ತಕರಾರು ಇದ್ದರೆ ತಿಳಿಸಬೇಕು, ಇಲ್ಲವಾದರೆ ಒಪ್ಪಿಗೆ ಇದೆಯೆಂದು ಭಾವಿಸಲಾಗುವುದು. ಸತ್ತವರ ಮೌನವನ್ನು ಇಷ್ಟು ಗೌರವದಿಂದ ಕಾಣುವ ಇಲಾಖೆ ಬೇರೆ ಯಾವುದಿದೆ? ಸಿದ್ದಲಿಂಗವ್ವ ಆ ನೋಟೀಸು ಹಿಡಿದು ನಮ್ಮ ಮನೆಗೆ ಬಂದರು. ಇಬ್ಬರೂ ಕಚೇರಿಗೆ ಹೋದೆವು.

"ತಕರಾರ ಇದ್ರ ರೇವಪ್ಪನವರಽ ಬಂದು ಸಹಿ ಮಾಡಬೇಕಾಗ್ತೈತಿ, ಯವ್ವಾ. ಹೊಲ ಅವರ ಹೆಸರಿಲೆ ಐತಿ" ಎಂದರು ಗುಮಾಸ್ತರು.

"ಅವರು ಸತ್ತು ಮೂರ ವರ್ಷ ಆತ್ರಿ ಸಾಹೇಬ್ರ. ಸತ್ತ ದಾಖಲಾ ನಿಮ್ಮ ಕೈಯಾಗಽ ಕೊಟ್ಟೇನಿ."

"ಕೊಟ್ಟಿರಬೇಕು. ಇದರಾಗ ಕಾಣವಲ್ದು."

ಸಿದ್ದಲಿಂಗವ್ವ ಪರದೆಯನ್ನೇ ನೋಡಿದರು. "ಆತ್ರಿ, ಕರಕೊಂಡ ಬರ್ತೇನಿ. ನಿಮ್ಮ ಡಬ್ಬಿ ಅವರನ್ನ ಎಲ್ಲಿ ಇಟ್ಟೈತಿ, ಅಷ್ಟ ಹೇಳ್ರಿ."

ಪಾಳಿಯಲ್ಲಿ ನಿಂತಿದ್ದವರು ನಕ್ಕರು. ಗುಮಾಸ್ತರೂ ನಕ್ಕರು, ಕೆಟ್ಟ ಮನುಷ್ಯರಲ್ಲ. ಮರಣದ ದಾಖಲೆ ಮತ್ತೊಮ್ಮೆ ತಂದು ವಾರಸಾ ಅರ್ಜಿ ಕೊಡಬಹುದೆಂದೂ, ಆದರೆ ಗುರಲಿಂಗಪ್ಪನವರ ಅರ್ಜಿ ಇತ್ಯರ್ಥವಾಗುವವರೆಗೆ ಅದನ್ನು ತೆಗೆದುಕೊಳ್ಳಲು ಬರುವುದಿಲ್ಲವೆಂದೂ ತಿಳಿಸಿಕೊಟ್ಟರು.

ಹಿಂದಿನ ಕಾಲವೇ ಚಂದವಿತ್ತೆಂದು ನಾನು ಹೇಳುವುದಿಲ್ಲ. ನಾನು ಹುಡುಗನಾಗಿದ್ದಾಗ ಊರಿನ ದಫ್ತರ ಕುಲಕರ್ಣಿಯವರ ಮನೆಯಲ್ಲಿ ಇರುತ್ತಿತ್ತು. ಅವರು ಬರೆದದ್ದರಲ್ಲಿ ಅವರ ಲಾಭವೂ ಇರುತ್ತಿತ್ತು. ಆದರೆ ಒಂದು ಪ್ರತಿ ಚಕ್ಕಡಿಯಲ್ಲಿ ತಾಲ್ಲೂಕಿಗೆ ಹೋಗುತ್ತಿತ್ತು. ಎರಡನ್ನೂ ಒಂದೇ ಕಪಾಟಿನಲ್ಲಿಟ್ಟರೆ ಅದು ಒಂದೇ ಪ್ರತಿ ಎಂಬುದು ಆಗಿನವರಿಗೆ ಗೊತ್ತಿತ್ತು.

ಆದ್ದರಿಂದ ತಮ್ಮಲ್ಲಿ ಕೇಳುವುದು ಇಷ್ಟು. ದಾಖಲೆಯ ಪ್ರತಿಯನ್ನು ಬೇರೆ ಊರಿನಲ್ಲಿಡಿಸಿ. ಅದರಿಂದ ದಾಖಲೆ ತಿರುಗಿ ಬರುತ್ತದೋ ಇಲ್ಲವೋ ಎಂದು ಅನಾಹುತಕ್ಕೆ ಮೊದಲೇ ನೋಡಿಸಿ. ಕಂಪ್ಯೂಟರು ಮರೆತದ್ದನ್ನು ಸಾಬೀತುಪಡಿಸುವ ಹೊರೆ ಕಚೇರಿಯ ಮೇಲಿರಲಿ, ಸಿದ್ದಲಿಂಗವ್ವನಂಥವರ ಮೇಲೆ ಬೇಡ. ನೋಟೀಸಿನ ಗಡುವು ಯುಗಾದಿಯ ಹಿಂದಿನ ದಿನ ಮುಗಿಯುತ್ತದೆ. ತಮ್ಮ ಯೋಜನೆ ನಿಧಾನವಾಗಿ ಉದ್ಘಾಟನೆಯಾಗಲಿ, ಅವಸರವಿಲ್ಲ. ಆ ಗಡುವಿಗೆ ಮೊದಲು ರೇವಪ್ಪನವರನ್ನು ಲಿಖಿತ ಆದೇಶದ ಮೂಲಕ ಇನ್ನೊಮ್ಮೆ ಸಾಯಿಸಿರಿ. ಅವರ ಹೆಂಡತಿಯ ಒಪ್ಪಿಗೆ ಇದೆ.

ಇಂತಿ,
ಕಂಪ್ಯೂಟರು ಇನ್ನೂ ಗಮನಿಸದ ಕಾರಣ ಬದುಕಿರುವ,
ಅನಂತ, ನಿವೃತ್ತ ಶಾಲಾ ಮಾಸ್ತರ
ಬಿಜಾಪುರ ಜಿಲ್ಲೆ, ಮಾರ್ಚ್ ೨೦೦೫