ಅಣ್ಣ ಚೆಲ್ಲಿದ ದ್ರಾಕ್ಷಿ ವೈನ್

ಅಪ್ಪಾ,

ಇವತ್ತು ಬೆಳಿಗ್ಗೆ ಅಣ್ಣ ನಿನ್ನ ಕೊನೆಯ ಜಾಡಿಯ ದ್ರಾಕ್ಷಿ ವೈನನ್ನು ಸಿಂಕಿಗೆ ಸುರಿದುಬಿಟ್ಟ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನು ಓಡಿಬರುವಷ್ಟರಲ್ಲಿ ತಳದಲ್ಲಿ ಅರ್ಧ ಲೋಟದಷ್ಟು ಉಳಿದಿತ್ತು.

"ಹುಳಿ ಹಿಡಿದಿತ್ತು ಕಣೇ. ಅಪ್ಪನೇ ಹೋದ್ಮೇಲೆ ಇದನ್ನ ಯಾರು ಕುಡೀತಾರೆ?"

"ರುಚಿ ನೋಡಿದ್ಯಾ?"

"ವಾಸನೆ ಸಾಕಲ್ಲ!"

ಮೈಯೆಲ್ಲ ಉರಿದುಹೋಯಿತು. ನೀನು ಮೂರು ವಾರ ದಿನಾ ಮರದ ಸೌಟಿನಿಂದ ಕಲಕಿ, ಬಟ್ಟೆಯಲ್ಲಿ ಸೋಸಿ, ವರ್ಷವಿಡೀ ಕಾದದ್ದನ್ನು ಇವನು ಬರೀ ಮೂಗಿನಿಂದ ತೀರ್ಮಾನಿಸಿದ! ಜಾಡಿ ಕಿತ್ತುಕೊಂಡು, ಬಾಯಿಗೆ ಬಂದಂತೆ ಬೈದು ಅಡುಗೆಮನೆಯಿಂದ ಅಟ್ಟಿದೆ.

ಆಮೇಲೆ ಉಳಿದದ್ದನ್ನು ಬಗ್ಗಿಸಿಕೊಂಡೆ. "ಒಂದೇ ಗುಟುಕು ನೋಡಮ್ಮಾ" ಎಂದು ನೀನು ಲೋಟ ಹಿಡಿದಾಗಲೆಲ್ಲ ಮೂಗು ಮುರಿದು ಎದ್ದುಹೋಗುತ್ತಿದ್ದವಳು, ಇವತ್ತು ನಿಂತೇ ಪೂರ್ತಿ ಕುಡಿದೆ.

ಒಂದಿಷ್ಟೂ ಹುಳಿಯಾಗಿರಲಿಲ್ಲ. ಎಷ್ಟು ಚೆನ್ನಾಗಿತ್ತು ಅಪ್ಪಾ! ಅದನ್ನು ಈಗ ಯಾರಿಗೆ ಹೇಳಲಿ?