ಬೀಗ ಹಾಕಿದ ಯಂತ್ರ, ತೂತು ಬಿದ್ದ ತಲೆ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನಾಳೆ ಬೆಳಿಗ್ಗೆ ನಿಮ್ಮ ಆಸ್ಪತ್ರೆಯಲ್ಲಿ ನನ್ನ ತಮ್ಮನ ಬುರುಡೆಗೆ ಎರಡನೇ ತೂತು ಕೊರೆಯಲಿದ್ದಾರೆ. ಅದು ಬೇಕೋ ಬೇಡವೋ ಎಂದು ಚರ್ಮ ಕೂಡ ಗೀರದೆ ಅಂದಾಜು ಹೇಳಬಲ್ಲ ಯಂತ್ರ ನಿಮ್ಮ ಪಕ್ಕದ ಕೋಣೆಯಲ್ಲೇ ಇದೆ. ಬೀಗ ಹಾಕಿಸಿದವರು ನೀವು, ಕೀಲಿ ನಿಮ್ಮ ಜೇಬಿನಲ್ಲಿದೆ.

ನಾನು ಮಾಂಸದಂಗಡಿಯವಳು, ರಕ್ತ ಕಂಡು ಹೆದರುವ ಪೈಕಿಯಲ್ಲ. ಕಳೆದ ತಿಂಗಳು ಅಂಗಡಿಯ ಮುಂದೆ ಇಬ್ಬರು ಕುಡುಕರು ಬಡಿದಾಡುತ್ತಿದ್ದರು. ಬಿಡಿಸಲು ಹೋದ ತಮ್ಮನ ತಲೆಗೇ ಕಬ್ಬಿಣದ ಸಲಾಕೆ ಬಿತ್ತು, ಶಟರಿಗೆಲ್ಲ ರಕ್ತ ಚಿಮ್ಮಿತು. ನಿಮ್ಮಲ್ಲಿಗೆ ಹೊತ್ತು ತಂದೆವು. ಮಿದುಳು ಊದಿರಬಹುದು, ಒಳಗಿನ ಒತ್ತಡ ಅಳೆಯಬೇಕು ಎಂದರು. ತಲೆ ಬೋಳಿಸಿ, ಬುರುಡೆ ಕೊರೆದು, ಒಳಗೆ ತಂತಿ ಇಳಿಸಿದರು. ಬಾಗಿಲಾಚೆಗೂ ಆ ಸದ್ದು ಕೇಳುತ್ತಿತ್ತು. ಒತ್ತಡ ಸರಿಯಾಗಿಯೇ ಇತ್ತಂತೆ, ಶುಭಸುದ್ದಿ! ಆದರೆ ತೂತಿನಲ್ಲಿ ಕೀವು ತುಂಬಿತು, ಜ್ವರ ಏರಿತು, ಮಂಚಕ್ಕೆ ಕಟ್ಟಿಹಾಕುವಂಥ ಫಿಟ್ಸ್ ಬಂತು. ಈಗ ಒತ್ತಡ ಏರಿರಬಹುದಂತೆ, ಮತ್ತೆ ಕೊರೆಯಬೇಕಂತೆ. ಸಲಾಕೆಯ ಏಟಿಗೆ ಸಾಯದವನನ್ನು ನೀವು ಬಿಡುವ ಹಾಗೆ ಕಾಣುವುದಿಲ್ಲ.

ಸಿಟ್ಟು ನೆತ್ತಿಗೇರಿ ಕಿರಿಯ ಡಾಕ್ಟರಮ್ಮನ ಕೊರಳಪಟ್ಟಿ ಹಿಡಿದೆ. ಪಾಪ, ಅವರು ಅತ್ತೇಬಿಟ್ಟರು.

"ಅಕ್ಕ, ಮುಚ್ಚಿದ ರೆಪ್ಪೆ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದ್ರೆ ಕಣ್ಣಿನ ಹಿಂದಿನ ನರ ಊದಿದ್ಯಾ ಅಂತ ಕಾಣತ್ತೆ. ತಲೆಯೊಳಗೆ ಒತ್ತಡ ಏರಿದ್ರೆ ಅದೂ ಊದತ್ತೆ. ಅದೊಂದೇ ಎಲ್ಲರಿಗೂ ಸಾಲಲ್ಲ, ಕೆಲವರಿಗೆ ತೂತು ಬೇಕೇ ಬೇಕು. ಆದ್ರೆ ಯಾರಿಗೆ ಬೇಡ ಅಂತ ಮೊದಲೇ ಅಂದಾಜು ಸಿಗತ್ತೆ. ಮೆಷಿನ್ ಬಂದಿದೆ, ಉದ್ಘಾಟನೆ ಆಗಿಲ್ಲ."

ಉದ್ಘಾಟನೆ! ಮಂತ್ರಿಗಳ ಕೈಗೆ ಬಿಡುವಾಗುವ ತನಕ ನಮ್ಮ ತಲೆಗೆ ಬೈರಿಗೆ, ಅಲ್ಲವೇ? ಒಂದು ಗೇಣು ರಿಬ್ಬನ್ನಿಗಿರುವ ಮರ್ಯಾದೆ ನಮ್ಮ ಬುರುಡೆಗೆ ಯಾಕಿಲ್ಲ ಸ್ವಾಮಿ? ನಿಯಮ ಎಲ್ಲರಿಗೂ ಒಂದೇ ಎಂದಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೇನೋ. ಆದರೆ ವಾರ್ಡಿನ ನೆಲ ಒರೆಸುವ ಅಜ್ಜಿ ಇನ್ನೊಂದು ಮಾತು ಹೇಳಿದರು.

"ಒಂದ್ಸಲ ಆ ಬೀಗ ತೆಗೆದಿದ್ರು ಕಣಮ್ಮ, ದೊಡ್ಡ ಸಾಹೇಬ್ರಿಗೇ ತಲೆನೋವು ಬಂದಾಗ. ರೆಪ್ಪೆ ಮೇಲಿನ ಜೆಲ್ ಒರೆಸ್ಕೊಳ್ಳೋಕೆ ನಾನೇ ಬಟ್ಟೆ ಕೊಟ್ಟೆ. ಏನೂ ಇಲ್ವಂತೆ, ನಗ್ತಾ ಮನೆಗೆ ಹೋದ್ರು."

ನಿಮ್ಮ ತಲೆ ನೆಟ್ಟಗಿದೆಯಂತೆ, ಸಂತೋಷ. ನನ್ನ ತಲೆ ಕೆಟ್ಟಿದೆ.

ನಾಳೆ ತಮ್ಮನನ್ನು ಒಳಗೆ ತಳ್ಳುವ ಮೊದಲು ಆ ಬಾಗಿಲು ತೆಗೆಸಿ, ಅವನ ಕಣ್ಣು ನೋಡಿಸಿ. ಆಮೇಲೂ ಕೊರೆಯಲೇಬೇಕು ಎಂದರೆ ನಾನೇ ಅವನ ಕೈ ಹಿಡಿದು ನಿಲ್ಲುತ್ತೇನೆ. ತೆಗೆಸದಿದ್ದರೆ ಮೂಳೆ ಕಡಿಯುವ ಮಚ್ಚು ಹಿಡಿದು ಬರುತ್ತೇನೆ. ಮೊದಲ ಏಟು ಬೀಗಕ್ಕೆ. ಎರಡನೆಯದು ಯಾವುದಕ್ಕೆ ಎಂದು ನನಗೂ ಗೊತ್ತಿಲ್ಲ, ದಯವಿಟ್ಟು ಗೊತ್ತಾಗುವ ಹಾಗೆ ಮಾಡಬೇಡಿ.

ಇಂತಿ,
ದಿನವೂ ಮೂಳೆ ಕಡಿದರೂ, ತಮ್ಮನ ಬುರುಡೆ ಕೊರೆಯುವ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡಿದ
ಒಬ್ಬ ಅಕ್ಕ